ಅಯ್ನೋರು ಹಿಂದಿನ ಬೆಂಚಿಗೆ ಬಂದು ಕುಳಿತ ವರ್ಷ

ಕನ್ನಡದ ಹೊಸ ರಾಜ್ಯ ಹುಟ್ಟಿದ ವಾರ ನಾನು ಗದಗಿನಲ್ಲಿದ್ದೆ. ನಾನು ಬರದಿದ್ದರೂ ಅದು ಹುಟ್ಟುತ್ತಿತ್ತು ಅನ್ನಿ. ಆದರೂ ಶಿರಹಟ್ಟಿಯ ಶಾಲೆಗೆ ರಜೆ ಹಾಕಿ, ಮಾಸ್ತರನೆಂಬ ಗತ್ತಿಗೆ ಒಂದು ಕೋಟು ತೊಟ್ಟು, ಮೆರವಣಿಗೆ ನೋಡಲು ಬಂದೆ. ವೇದಿಕೆಯ ಮೇಲೆ ಮುಖಂಡರೊಬ್ಬರು ಮೂಗಿನಿಂದ ಭಾಷಣ ಮಾಡುತ್ತಿದ್ದರು. ಅವರು ಕೆಳಗಿಳಿಯುವುದರೊಳಗೆ ನಾನು ಆ ಮೂಗನ್ನು ಕಲಿತು, ಪಕ್ಕದಲ್ಲಿದ್ದವರಿಗೆ ಅದೇ ಭಾಷಣವನ್ನು ಇನ್ನೊಮ್ಮೆ ಮಾಡಿ ತೋರಿಸಿದ್ದೆ. ನಗದೆ ನಿಂತವನೊಬ್ಬ ಮುಖಂಡರ ಅಳಿಯನೆಂದು ತಿಳಿದ ಮೇಲೆ ಅಲ್ಲಿಂದ ಕಾಲ್ತೆಗೆದು ನಾನು ಬೆಳೆದ ಬೆಟಗೇರಿಯ ಕಡೆ ನಡೆದೆ.

ಮಿಶನ್ ಕಂಪೌಂಡಿನಲ್ಲಿ ಚರ್ಚಿನ ಬೆಂಚುಗಳನ್ನೆಲ್ಲ ಅಂಗಳಕ್ಕೆ ಎಳೆದು ಹಾಕಿ, ಹಳೆಯ ಅರಿವೆಯಿಂದ ಅಗಸಿ ಎಣ್ಣೆ ತಿಕ್ಕುತ್ತಿದ್ದರು. ಆ ವಾಸನೆ ಬಡಿದದ್ದೇ ನನ್ನ ಬಾಯಿ ಮುಚ್ಚಿಕೊಂಡಿತು. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಆದರೆ ಆ ಎಣ್ಣೆಯ ವಾಸನೆ ನನಗೆ ಒಂದೇ ವರ್ಷದ ವಾಸನೆ: ಸ್ವಾತಂತ್ರ್ಯ ಬಂದ ಮರುವರ್ಷ, ಮುಂಗಾರಿನಿಂದ ಕ್ರಿಸ್‌ಮಸ್ಸಿನವರೆಗೆ. ಆಗ ಬಿದ್ದ ಧಕ್ಕೆ ಇನ್ನೂ ಎದೆಯಲ್ಲಿ ಕುಳಿತಿದೆ.

ದೀಕ್ಷಾಸ್ನಾನದ ದಿನ ನನಗಿಟ್ಟ ಹೆಸರು ತಿಮೊಥಿ. ಆಮೇಲೆ ಯಾರೂ ಹಾಗೆ ಕರೆದಿಲ್ಲ, ನಾನು ತಿಮ್ಯಾ. ಆಗ ನನಗೆ ಮೀಸೆ ಬಂದಿತ್ತು, ನೌಕರಿ ಬಂದಿರಲಿಲ್ಲ. ಮಿಶನ್ ಆಸ್ಪತ್ರೆಯ ಹಿಂದಿನ ಬೇವಿನ ಗಿಡದ ಕೆಳಗೆ ಮಂದಿಯ ನಕಲು ಮಾಡುವುದೇ ಉದ್ಯೋಗ. ಡಾಕ್ಟರು ನಾಲಿಗೆ ನೋಡುವುದು, ನರ್ಸಮ್ಮ ಸೂಜಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಬರುವುದು, ನಮ್ಮವ್ವ ನನ್ನನ್ನು ಬೈಯುವುದು, ಬೈಸಿಕೊಂಡ ನಾನು ಬೆಕ್ಕಿನ ಹಾಗೆ ಅಡುಗೆಮನೆಗೆ ಸರಿಯುವುದು, ಎಲ್ಲವೂ ಬರುತ್ತಿತ್ತು. ಆದರೆ ಮಂದಿ ಮತ್ತೆ ಮತ್ತೆ ಕೇಳುತ್ತಿದ್ದದ್ದು ಒಂದೇ: “ತಿಮ್ಯಾ, ಅಯ್ನೋರನ್ನ ಮಾಡಲೇ.”

ಅಯ್ನೋರೆಂದರೆ ನಮ್ಮ ಸಭೆಯ ಬೋಧಕರಾದ ದಾನಿಯೇಲಪ್ಪನವರು. ಎತ್ತರದ ಆಳು. ಓಣಿಯಲ್ಲಿ ಬಿಳಿ ರುಮಾಲು, ಪ್ರಸಂಗಪೀಠದಲ್ಲಿ ಕರಿ ನಿಲುವಂಗಿ. ಅವರಿಗೆ ಎರಡು ದನಿಗಳಿದ್ದವು. ಒಂದು ರವಿವಾರ ದೇವರ ತೀರ್ಪಿನ ಪ್ರಸಂಗ. ಅವತ್ತು ಬೆರಳು ಮೇಲೆದ್ದು, ಕುರಿಗಳನ್ನು ಬಲಕ್ಕೂ ಆಡುಗಳನ್ನು ಎಡಕ್ಕೂ ನಿಲ್ಲಿಸುವ ದಿನದ ಬಗ್ಗೆ ಅವರು ಗುಡುಗಿದರೆ, ಎಡಗಡೆಯ ಬೆಂಚಿನ ಗಂಡಸರು ಕಾರಣವಿಲ್ಲದೆ ಕೆಮ್ಮುತ್ತಿದ್ದರು. ಮರು ರವಿವಾರ ದೇವರ ಪ್ರೀತಿಯ ಪ್ರಸಂಗ. ಅವತ್ತು ನಿಲುವಂಗಿಯ ತೋಳಿನೊಳಗಿಂದ ಕರವಸ್ತ್ರ ಹೊರಬರುತ್ತಿತ್ತು. ದನಿ ಬೆಲ್ಲದ ಪಾಕದ ಹಾಗೆ ಎಳೆ ಎಳೆಯಾಗಿ ಇಳಿಯುತ್ತಿತ್ತು. ನನ್ನ ಪ್ರಕಾರ ಇವರಿಬ್ಬರೂ ಬೇರೆ ಬೇರೆ ದೇವರು. ಒಬ್ಬ ಫೌಜದಾರ, ಇನ್ನೊಬ್ಬಳು ಅಜ್ಜಿ. ಒಂದೇ ಮನೆಯಲ್ಲಿದ್ದು ಮಾತು ಬಿಟ್ಟವರು. ಅದಕ್ಕೇ ಒಬ್ಬರು ಬಂದ ವಾರ ಇನ್ನೊಬ್ಬರು ಬರುವುದಿಲ್ಲ.

ಈ ನಕಲನ್ನು ಎಲ್ಲರಿಗಿಂತ ಹೆಚ್ಚು ನಕ್ಕು ನೋಡುತ್ತಿದ್ದವನು ಅಯ್ನೋರ ಒಬ್ಬನೇ ಮಗ ಆನಂದ. ಆಸ್ಪತ್ರೆಯಲ್ಲಿ ಕಂಪೌಂಡರ್, ನನ್ನ ಗೆಳೆಯ. ತಾಯಿ ಅವನು ಸಣ್ಣವನಿದ್ದಾಗಲೇ ತೀರಿಕೊಂಡಿದ್ದಳು. ಅಪ್ಪ ಮಗ ಪಾಳಿಯ ಮೇಲೆ ಅಡುಗೆ ಮಾಡುತ್ತಿದ್ದರು. ಇಬ್ಬರ ಸಾರೂ ಒಂದೇ ನಮೂನೆ ಕೆಟ್ಟದ್ದು.

“ಲೇ ತಿಮ್ಯಾ, ಇಬ್ರೂ ಒಂದ ದಿನ ಬಂದ್ರ ಏನ ಮಾಡ್ತಿ?” ಎಂದು ಆನಂದ ಒಮ್ಮೆ ಕೇಳಿದ.

“ಫೌಜದಾರ ಅಜ್ಜಿನ್ನ ಒಳಗ ಹಾಕ್ತಾನ,” ಅಂದೆ. “ಜಾಮೀನ ಕೊಡಾಕ ನಿಮ್ಮಪ್ಪ ಹೋಗಬೇಕು.”

ಆ ವರ್ಷ ನಮ್ಮ ಕಡೆಯ ನಕಾಶೆ ಹರಕು ಕೌದಿಯಂತಿತ್ತು. ಗದಗ ಮುಂಬೈ ಸರಕಾರದ್ದು. ಅಲ್ಲಿಯವರೆಗೂ ಲಕ್ಷ್ಮೇಶ್ವರಕ್ಕೆ ಒಬ್ಬ ರಾಜನಿದ್ದ, ಶಿರಹಟ್ಟಿಗೆ ಇನ್ನೊಬ್ಬ. ಮುಂಡರಗಿ ದಾಟಿ ಮೂಡಣಕ್ಕೆ ಹೋದರೆ ನಿಜಾಮನ ಸೀಮೆ. ಆ ಗಡಿಯೆಂದರೆ ನದಿಯಲ್ಲ, ಗುಡ್ಡವಲ್ಲ. ಎರೆಹೊಲಗಳ ನಡುವೆ ಸುಂಕ ವಸೂಲಿ ಮಾಡುವ ಒಂದೊಂದು ನಾಕೆ, ದಾರಿಗಡ್ಡ ಒಂದು ಗಳ. ನಿಜಾಮನ ಕಡೆಯವರಿಗೆ ಹೆದರಿ ಆಚೆಯಿಂದ ಮಂದಿ ಗಂಟುಮೂಟೆ ಹೊತ್ತು ಓಡಿ ಬರುತ್ತಿದ್ದರು. ಈಚೆ ಹುಡುಗರು ಶಿಬಿರ ಹೂಡಿ ಬಂದೂಕು ಕಲಿಯುತ್ತಿದ್ದರು.

ನಮ್ಮದೊಂದು ಬೇರೆ ಫಜೀತಿ. ಪೇಟೆಗೆ ಹೋದರೆ ಸಾಕು, ಯಾವನಾದರೊಬ್ಬ ಕೇಳುತ್ತಿದ್ದ: “ಏನ್ರಪಾ ಪಾದ್ರಿ ಮಂದಿ, ನಿಮ್ಮ ಬಿಳಿ ಮಾವಂದ್ರು ಹಡಗ ಹತ್ತಿ ಹೋದ್ರಲ್ಲ, ನಿಮಗ ಟಿಕೀಟ ಸಿಗಲಿಲ್ಲೇನು?” ಸಭೆಯ ಹಿರಿಯರಲ್ಲಿ ಹಿರಿಯರಾದ ಲೂಕಪ್ಪನವರಿಗೆ ಈ ಮಾತು ಮುಳ್ಳಾಗಿ ನಟ್ಟಿತ್ತು. ಅವರು ಮಗ್ಗದ ಶೆಡ್ಡಿನಲ್ಲಿ ಮೇಸ್ತ್ರಿಯಾಗಿದ್ದವರು; ಎರಡು ಮಾತು ಆಡಿದರೆ ಮೂರು ಸಲ ಕೆಮ್ಮುವವರು. ಚರ್ಚಿನ ಮೇಲೆ ದೊಡ್ಡ ತಿರಂಗ ಹಾರಿಸಿ, ಅದು ಗದಗಿಗೆ ಕಾಣುತ್ತದೆಯೋ ಇಲ್ಲವೋ ಎಂದು ನನ್ನನ್ನು ಸೈಕಲ್ ಮೇಲೆ ಗದಗಿಗೆ ಓಡಿಸಿದ್ದರು.

ಮುಂಗಾರು ಶುರುವಾದ ಹೊತ್ತಿಗೆ ಆನಂದ ಮುಂಡರಗಿಯ ಕಡೆಯ ಶಿಬಿರಕ್ಕೆ ಹೊರಟ. “ಗಾಯಕ್ಕ ಪಟ್ಟಿ ಕಟ್ಟಾಕ ಹೊಂಟೀನಿ, ಅಪ್ಪಾ,” ಅಂದ. ಅಯ್ನೋರು ಅವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ, ಚೀಲಕ್ಕೆ ಇನ್ನೊಂದು ಅಯೋಡಿನ್ ಬಾಟಲಿ ಹಾಕಿದರು. ಆಮೇಲೆ ಮಳೆ. ಎರೆಮಣ್ಣು ಚಪ್ಪಲಿಯನ್ನು ಕಿತ್ತುಕೊಂಡು ವಾಪಸು ಕೊಡದಂಥ ಮಳೆ. ಖಬರು ಚೂರು ಚೂರಾಗಿ ಬರುತ್ತಿತ್ತು: ಆನಂದ ಪಟ್ಟಿ ಕಟ್ಟುತ್ತಿದ್ದಾನೆ, ಆನಂದ ಬಂದೂಕು ಹಿಡಿದಿದ್ದಾನೆ, ಆನಂದನ ತುಕಡಿ ಒಂದು ನಾಕೆಯನ್ನೇ ಸುಟ್ಟಿತು. ಮೊದಲ ಖಬರು ಅಯ್ನೋರಿಗೆ ಮುಟ್ಟಿತು. ಉಳಿದವನ್ನು ನಾವು ಬೇವಿನ ಗಿಡದ ಕೆಳಗೇ ಇಟ್ಟುಕೊಂಡೆವು.

ಮಳೆಗಾಲದ ಕೊನೆಗೆ ಭಾರತದ ಸೈನ್ಯ ಒಳಹೊಕ್ಕು ನಿಜಾಮ ಕೈಯೆತ್ತಿದ. ಹುಡುಗರು ಮನೆಗೆ ಮರಳಿದರು. ಗದಗಿನ ಬಸ್ ಸ್ಟ್ಯಾಂಡಿನಲ್ಲಿ ಆನಂದನಿಗೆ ಬಿದ್ದ ಚೆಂಡುಹೂವಿನ ಹಾರಗಳಲ್ಲಿ ಅವನ ಮೂಗು ಮಾತ್ರ ಕಾಣುತ್ತಿತ್ತು. ಮೊದಲ ಹಾರ ಲೂಕಪ್ಪನವರದು. ಟಿಕೀಟು ಸಿಗಲಿಲ್ಲವೇ ಎಂದು ಕೇಳುತ್ತಿದ್ದ ಪೇಟೆಯವರೇ ನಮ್ಮ ಕೈ ಕುಲುಕಿ “ನಿಮ್ಮ ಹುಡುಗ ಹುಲಿ ನೋಡ್ರಿ” ಅಂದರು. ಬೆಟಗೇರಿಯವರೆಗೂ ಬ್ಯಾಂಡು. ಲೂಕಪ್ಪನವರು ಕೆಮ್ಮನ್ನೂ ಮರೆತು ನನ್ನ ಕಿವಿಯಲ್ಲಿ ಹೇಳಿದರು: “ತಿಮ್ಯಾ, ಇವತ್ತ ನಾವು ಈ ದೇಶದವ್ರಾದ್ವಿ.”

ಅಯ್ನೋರು ಮನೆಯ ಮೆಟ್ಟಿಲ ಮೇಲೆ ನಿಂತಿದ್ದರು. ಹಾರಗಳ ಸಮೇತ ಮಗನನ್ನು ಅಪ್ಪಿಕೊಂಡರು. ಬಿಡಿಸಿಕೊಂಡಾಗ ಬಿಳಿ ಅಂಗಿಯ ತುಂಬ ಹಳದಿ ಎಸಳು. ನಾವು ಜೈಕಾರ ಹಾಕಿದೆವು, ಬಾಗಿಲು ಮುಚ್ಚಿತು.

ಮುಂದಿನ ರವಿವಾರ ಕರ್ತನ ಭೋಜನ. ಬೆಂಚುಗಳಿಗೆ ಆಗಷ್ಟೇ ಅಗಸಿ ಎಣ್ಣೆ ತಿಕ್ಕಿದ್ದರು. ಧೋತರಕ್ಕೆ ಅಂಟುತ್ತದೆಂದು ಗಂಡಸರು ಅರ್ಧ ಎದ್ದಂತೆ ಕುಳಿತಿದ್ದರು. ಇಲ್ಲಿ ನಮ್ಮ ಸಭೆಯ ಪದ್ಧತಿಯೊಂದನ್ನು ಹೇಳಬೇಕು. ಬಾಗಿಲ ಪಕ್ಕದ ಕಟ್ಟಕಡೆಯ ಬೆಂಚು ಶಿಸ್ತಿನ ಬೆಂಚು. ಕುಡಿದು ಬಿದ್ದವನು, ನೆರೆಯವಳ ತಲೆ ಒಡೆದವಳು, ಸುಳ್ಳು ಸಾಕ್ಷಿ ಹೇಳಿದವನು ಅಲ್ಲಿ ಕೂರಬೇಕು. ಉಳಿದವರು ಎದ್ದು ಹೋಗಿ ಮೇಜಿನ ಮುಂದೆ ಮೊಣಕಾಲೂರಿ ರೊಟ್ಟಿ ಮತ್ತು ದ್ರಾಕ್ಷಾರಸ ತೆಗೆದುಕೊಳ್ಳುವಾಗ ಅವರು ಕುಳಿತೇ ಇರಬೇಕು. ತಪ್ಪು ಯಾರಿಗೆ ಮಾಡಿದರೋ ಅವರ ಮುಂದೆ ಹೋಗಿ ನಿಂತು, ಆಮೇಲೆ ಸಭೆಯ ಮುಂದೆ ಅವರ ಹೆಸರು ಹೇಳಿ ಒಪ್ಪಿಕೊಂಡ ಮೇಲೆಯೇ ಮೇಜು.

ಅವತ್ತು ಆ ಬೆಂಚು ಖಾಲಿ. ಆನಂದನನ್ನು ಲೂಕಪ್ಪನವರು ಎಲ್ಲಕ್ಕಿಂತ ಮುಂದೆ, ತಮ್ಮ ಪಕ್ಕದಲ್ಲಿ ಕೂರಿಸಿಕೊಂಡಿದ್ದರು.

ಅಯ್ನೋರು ಪೀಠ ಹತ್ತಲಿಲ್ಲ. ಮೇಜಿನ ಪಕ್ಕದಲ್ಲಿ ನಿಂತು, ನನಗೆ ಗೊತ್ತಿದ್ದ ಎರಡು ದನಿಗಳಲ್ಲಿ ಯಾವುದೂ ಅಲ್ಲದ ದನಿಯಲ್ಲಿ ಹೇಳಿದರು: “ಈ ಸಭೆಯ ಸದಸ್ಯನಾದ ಆನಂದ ಒಬ್ಬ ಮನುಷ್ಯನನ್ನು ಕೊಂದಿದ್ದಾನೆ. ತಾನಾಗಿ ಒಪ್ಪಿಕೊಂಡಿದ್ದಾನೆ. ಸತ್ತವನ ಮನೆಯವರ ಮುಂದೆ ನಿಂತು, ಈ ಸಭೆಯ ಮುಂದೆ ಆ ಮನುಷ್ಯನ ಹೆಸರು ಹೇಳುವವರೆಗೆ ಇವನಿಗೆ ಕರ್ತನ ಮೇಜಿಲ್ಲ.”

ಹಾರ್ಮೋನಿಯಮ್ಮಿನ ಭಾತೆ ಒತ್ತುತ್ತಿದ್ದ ಕೈ ನಿಂತು, ಅದರೊಳಗಿನ ಗಾಳಿ ಉಸ್ಸೆಂದು ತಾನೇ ಹೊರಬಿತ್ತು. ಆನಂದ ಎದ್ದು, ಯಾರ ಮುಖವನ್ನೂ ನೋಡದೆ ಹಿಂದಕ್ಕೆ ನಡೆದು ಆ ಬೆಂಚಿನಲ್ಲಿ ಕುಳಿತ.

ನಮ್ಮ ಬಾಯಿ ಇನ್ನೂ ತೆರೆದಿರುವಾಗಲೇ ಅಯ್ನೋರು ಕರಿ ನಿಲುವಂಗಿಯನ್ನು ಬಿಚ್ಚಿದರು. ಮಡಚಿ ಕುರ್ಚಿಯ ಮೇಲಿಟ್ಟರು. ಒಳಗಿನ ಅಂಗಿಯ ಬೆನ್ನಿಗೆ ಒಂದು ತೇಪೆ ಇತ್ತು. ಅಷ್ಟು ವರ್ಷ ನಕಲು ಮಾಡಿಯೂ ನಾನು ಅವರ ಬೆನ್ನನ್ನು ನೋಡಿರಲಿಲ್ಲ. ನಡುವಿನ ದಾರಿಯಲ್ಲಿ ನಡೆದು ಹೋಗಿ, ಶಿಸ್ತಿನ ಬೆಂಚಿನಲ್ಲಿ ಮಗನ ಪಕ್ಕ ಕುಳಿತರು.

ಮೇಜಿನ ಮೇಲೆ ಬಿಳಿ ಅರಿವೆ ಮುಚ್ಚಿದ ರೊಟ್ಟಿ. ಕೊಡುವವರು ಹಿಂದಿನ ಬೆಂಚಿನಲ್ಲಿ. ಆರಾಧನೆ ಮುಗಿಯಿತೋ ಇಲ್ಲವೋ ಎಂದು ಹೇಳುವವರಿಲ್ಲ. ಕೊನೆಗೆ ಒಬ್ಬ ಅಜ್ಜಿ ತಾನೇ “ಆಮೆನ್” ಅಂದಳು. ನಾವು ಹಸಿದವರಂತೆ ಹೊರಗೆ ಬಂದೆವು.

ಅಂಗಳದಲ್ಲಿ ಲೂಕಪ್ಪನವರು ಅಯ್ನೋರಿಗೆ ಅಡ್ಡ ನಿಂತರು. “ಏನಿದು ಹುಚ್ಚಾಟ, ಅಯ್ನೋರ? ಯುದ್ಧದಾಗ ಆಗಿದ್ದು ಅದು. ಖೂನ ಅಲ್ಲ.”

“ಸತ್ತವಗ ಏನ ಫರಕ ಆಗೇತಿ, ಲೂಕಪ್ಪ?”

“ಊರ ಮಂದಿ ಹಾರ ಹಾಕ್ಯಾರ್ರಿ ಅವಗ! ನಾವ ಅವನ್ನ ಹಿಂದ ಕುಂಡ್ರಿಸಿದ್ರ ಪ್ಯಾಟ್ಯಾಗ ಏನಂತಾರ? ಮೊದಲ ಬಿಳಿಯರ ಬಾಲ ಅಂತಿದ್ರು. ಈಗ ನಿಜಾಮನ ಬಾಲನೂ ಹಚ್ತಾರ.”

“ಹಚ್ಲಿ.”

“ಆತು, ಅವ ಕುಂಡ್ರಲಿ. ನೀವ್ಯಾಕ ಕುಂತ್ರಿ? ನೀವೇನ ಬಂದೂಕ ಹಿಡದಿದ್ರ್ಯಾ?”

“ಅವ ನನ್ನ ಮಗ.”

“ಹಂಗಾರ ತೀರ್ಪ ಹಿಂದಕ್ಕ ತಗೋರಿ!”

“ಸತ್ತವ ಎದ್ದ ಬರ್ಲಿ. ತಗೋತೀನಿ.”

ಲೂಕಪ್ಪನವರಿಗೆ ಅಳುವೇ ಬಂದಿತ್ತು. “ಒಂದ ಹಿಡೀರಿ, ಅಯ್ನೋರ. ಬೋಧಕ ಆಗ್ರಿ, ಇಲ್ಲಾ ಅಪ್ಪ ಆಗ್ರಿ. ಎರಡೂ ಹೆಂಗ ಆಗ್ತೀರಿ?”

“ನನಗೂ ಬರಾಂಗಿಲ್ಲ,” ಅಂದರು ಅಯ್ನೋರು. “ಕಲಿಯಾಕ ಅಲ್ಲೆ ಕುಂತೀನಿ.”

ಪೇಟೆಯಲ್ಲಿ ಲೂಕಪ್ಪನವರು ಹೆದರಿದ್ದಕ್ಕಿಂತ ಹೆಚ್ಚೇ ಆಯಿತು. ಕೈ ಕುಲುಕಿದವರು ಕೈ ಒರೆಸಿಕೊಂಡರು. ಮಿಶನ್ ಗೋಡೆಯ ಮೇಲೆ ಯಾರೋ ಸೆಗಣಿ ಎರಚಿದರು. ನಮ್ಮವರಲ್ಲೇ ಕೆಲವರು ಅಯ್ನೋರಿಗೆ ಮಾತು ಬಿಟ್ಟರು. ಅವರು ಬೇನೆಬಿದ್ದವರ ಮನೆಗಳಿಗೆ ಹೋಗುತ್ತಿದ್ದರು, ರೋಗಿಗಳ ಪಕ್ಕದಲ್ಲಿ ಪ್ರಾರ್ಥಿಸುತ್ತಿದ್ದರು. ರವಿವಾರ ಮಾತ್ರ ಹಿಂದಿನ ಬೆಂಚು.

ಪೀಠ ಖಾಲಿಯಾದ್ದರಿಂದ ಲೂಕಪ್ಪನವರೇ ಹಳೆಯ ಅಚ್ಚಾದ ಪ್ರಸಂಗಗಳನ್ನು ಓದತೊಡಗಿದರು. ಪ್ರಸಂಗಕ್ಕಿಂತ ಕೆಮ್ಮು ಹೆಚ್ಚಾಗಿ, ಕೊನೆಗೊಂದು ರವಿವಾರ ಗಂಟಲು ಪೂರ್ತಿ ಕಟ್ಟಿತು. ಓದು ಬಲ್ಲ ಉಳಿದ ಹಿರಿಯರು ಶೇಂಗಾ ಕೀಳಲು ಹೊಲ ಸೇರಿದ್ದರು. ಲೂಕಪ್ಪನವರು ಪಿಸುಗುಟ್ಟಿದರು: “ನೀ ಓದಲೇ. ಬರೇ ಓದು. ನಕಲಿ ಮಾಡಿದಿ ಅಂದ್ರ ಕಾಲ ಮುರೀತೀನಿ.”

ದೇವರಾಣೆ, ನಾನು ಬರೇ ಓದಲೆಂದೇ ಪೀಠ ಹತ್ತಿದೆ. ಆದರೆ ಬಾಯಿ ತೆರೆದರೆ ಹೊರಬಂದದ್ದು ನನ್ನ ದನಿಯಲ್ಲ. ಆ ಪೀಠದಲ್ಲಿ ನಿಂತು ಮಾತಾಡುವುದು ಹೇಗೆಂದು ನನ್ನ ಗಂಟಲಿಗೆ ಗೊತ್ತಿದ್ದದ್ದು ಒಂದೇ ರೀತಿ. ಪ್ರಸಂಗ ತೀರ್ಪಿನದು. ಅಯ್ನೋರ ಗುಡುಗು ನನ್ನ ಬಾಯಿಂದ ಉರುಳಿತು. ಸಭೆ ಒಂದೇ ಸಲ ಹಿಂದಕ್ಕೆ ತಿರುಗಿ ನೋಡಿತು. ದನಿ ಇಲ್ಲಿ, ಮನುಷ್ಯ ಅಲ್ಲಿ. ಬೇಡವೆಂದರೂ ಬೆರಳು ಮೇಲೆದ್ದಿತು. ಎದ್ದ ಬೆರಳು ನೇರ ಕಟ್ಟಕಡೆಯ ಬೆಂಚಿಗೆ ನೆಟ್ಟಿತ್ತು. ಅಪ್ಪ ಮಗ ಇಬ್ಬರೂ ತಲೆ ಬಗ್ಗಿಸಿ ಕೇಳುತ್ತಿದ್ದರು. ಬೆರಳನ್ನು ಇಳಿಸುವುದು ಹೇಗೆಂದು ನನಗೆ ತಿಳಿಯಲಿಲ್ಲ. ಇನ್ನೊಂದು ಕೈಯಿಂದ ಹಿಡಿದು ಇಳಿಸಿದೆ.

ಮುಗಿದ ಮೇಲೆ ಕಿಟಕಿಯಿಂದ ಹಾರಿ ಹೋಗೋಣವೆಂದಿದ್ದೆ. ಅಯ್ನೋರು ಬಾಗಿಲಲ್ಲೇ ಹಿಡಿದರು.

“ನಾ ಹಿಂಗ ಗುಡಗ್ತೀನೇನೋ?”

“ಇದಕ್ಕಿಂತ ಜರಾ ಹೆಚ್ರಿ, ಅಯ್ನೋರ. ನನ್ನ ಎದಿ ಸಣ್ಣದು.”

ಅವರು ನಕ್ಕರು. ಆ ವರ್ಷದಲ್ಲಿ ನಾನು ಕಂಡ ಅವರ ಒಂದೇ ನಗೆ. “ಮ್ಯಾಲೆ ನಿಂತ ಹೇಳೂದು ಬ್ಯಾರೆ, ಹಿಂದ ಕುಂತ ಕೇಳೂದು ಬ್ಯಾರೆ,” ಅಂದರು. “ಒಂದ ಐತವಾರ ತೀರ್ಪ, ಒಂದ ಐತವಾರ ಪ್ರೀತಿ ಅಂತ ಹಂಚಿಟ್ಟಿದ್ದೆ ನೋಡು ನಾ. ಬೆರಳ ಎತ್ತಿದಾವ ಇಳದ ಬಂದು ಬಾಜೂಕ ಕುಂತ್ರ ಅಷ್ಟ ಈ ತೀರ್ಪಿನ ಮಾತ ತಡಕೊಳ್ಳಾಕ ಬರ್ತೈತಿ, ತಿಮ್ಯಾ. ಯೇಸುಸ್ವಾಮಿ ಮಾಡಿದ್ದು ಅಷ್ಟ. ಇಷ್ಟ ವರ್ಷ ಬಾಯಿಲೆ ಹೇಳಿದೆ, ಕುಂತ ನೋಡಿರಲಿಲ್ಲ.”

ಆನಂದ ನನ್ನೊಂದಿಗೆ ಬೇವಿನ ಗಿಡದವರೆಗೆ ಬಂದ. ಅಪ್ಪನನ್ನು ಅಷ್ಟು ಚೆನ್ನಾಗಿ ಮಾಡಿದ್ದಕ್ಕೆ ಬೆನ್ನು ತಟ್ಟಿದ. ಆಮೇಲೆ ಕೇಳದೆಯೇ ಹೇಳತೊಡಗಿದ.

“ನಸುಕಿನ್ಯಾಗ ಜಿಟಿಜಿಟಿ ಮಳಿ. ನಾಕೇದಾಗ ಯಾರೂ ಇಲ್ಲ, ಬೆಂಕಿ ಹಚ್ಚಿ ಬರೂದಷ್ಟ ಅಂದಿದ್ರು. ಗ್ವಾಡಿ ಮಗ್ಗಲದಿಂದ ಒಬ್ಬ ಎದ್ದ. ಕೈಯಾಗ ಏನೋ ಮಿಂಚಿತು. ಹೊಡದೆ. ಹತ್ರ ಹೋಗಿ ನೋಡಿದ್ರ ನೀರಿನ ತಂಬಗಿ. ಬೈಲಕಡಿಗೆ ಹೊಂಟಿದ್ದ, ಪಾಪ. ನೀರ ಇನ್ನೂ ಹರೀತಿತ್ತು.”

ನಾನೊಂದು ಚೇಷ್ಟೆಯ ಮಾತು ಹುಡುಕಿದೆ.

“ಪಟ್ಟಿ ಕಟ್ಟಿದೆ, ತಿಮ್ಯಾ. ಕಂಪೌಂಡರ್ ಅಲ್ಲೇನ ನಾ? ಭಾಳ ಚಂದ ಕಟ್ಟಿದೆ. ಕಟ್ಟಿ ಮುಗಸೂದ್ರಾಗ ಸತ್ತಿದ್ದ. ಶಿಬಿರದಾಗ ಎಲ್ಲಾರೂ ಶಾಬಾಸ್ ಅಂದ್ರು. ಊರಾಗ ಹಾರ ಹಾಕಿದ್ರು. ಆ ಹಾರದಾಗ ನನಗ ಉಸರ ಕಟ್ಟತಿತ್ತು. ಅಪ್ಪಗ ಹೇಳಿದ್ರ, ಅಪ್ಪ ಒಬ್ಬನ ಕೇಳಿದ: ‘ಅವನ ಹೆಸರೇನಪಾ?’ ನನಗ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದ ಕೂಡಲೇ ನನ್ನ ಹಿಡಕೊಂಡ ಅತ್ತ.”

ಮರುವಾರ ನಾವು ಮೂವರೂ ಹೊರಟೆವು. ಮುಂಡರಗಿಯವರೆಗೆ ಇದ್ದಿಲ ಹೊಗೆಯಿಂದ ಓಡುವ ಬಸ್ಸು. ಏರು ಬಂದಲ್ಲೆಲ್ಲ ಇಳಿದು ನೂಕಿದೆವು. ಅಲ್ಲಿಂದ ನಡಿಗೆ. ಹೊಲಗಳಲ್ಲಿ ಶೇಂಗಾ ಕಿತ್ತು ಗುಡ್ಡೆ ಹಾಕಿದ್ದರು. ಸುಟ್ಟ ನಾಕೆಯ ಗೋಡೆ ಮಾತ್ರ ನಿಂತಿತ್ತು. ಹತ್ತಿರದ ಹಳ್ಳಿಯಲ್ಲಿ ವಿಚಾರಿಸಿದರೆ ಮುಸಲ್ಮಾನರ ಓಣಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಗಂಡಸರು ಗುಂಪಾಗಿ ಬಂದು ಹೆಸರು ಕೇಳಿದರೆ ಏನಾಗುತ್ತದೆಂದು ಅವರು ನಿಜಾಮ ಸೋತ ಮೇಲಿನ ಆ ಕೆಲವೇ ವಾರಗಳಲ್ಲಿ ಕಲಿತಿದ್ದರು. ಅಯ್ನೋರು ರುಮಾಲು ತೆಗೆದು ಕಟ್ಟೆಯ ಮೇಲಿಟ್ಟು ಬಿಸಿಲಲ್ಲಿ ಕುಳಿತರು. ಬಹಳ ಹೊತ್ತಾದ ಮೇಲೆ ಒಬ್ಬ ಮುದುಕ ಬಂದು, ನಾಕೆಯಲ್ಲಿ ಸತ್ತ ಸಿಪಾಯಿಯ ಮನೆ ತೋರಿಸಿದ.

ಹೆಂಗಸೊಬ್ಬಳು ಪಡಸಾಲೆಯಲ್ಲಿ ಕುಳಿತು ಶೇಂಗಾ ಒಡೆಯುತ್ತಿದ್ದಳು. ಪಕ್ಕದಲ್ಲಿ ಸಣ್ಣ ಮಗಳು. ಆನಂದ ಅಂಗಳದಲ್ಲಿ ನಿಂತು ಹೇಳಿದ: “ನಾಕೇದಾಗ ನಿಮ್ಮ ಯಜಮಾನರನ್ನ ಹೊಡದಾವ ನಾನ.”

ಅವಳ ಕೈ ನಿಲ್ಲಲಿಲ್ಲ. ಚಟ್ ಚಟ್ ಎಂದು ಸಿಪ್ಪೆ ಒಡೆಯುತ್ತಲೇ ಇತ್ತು.

“ನೀ ಯಾರು?” ಎಂದು ಅಯ್ನೋರನ್ನು ಕೇಳಿದಳು.

“ಇವನ ಅಪ್ಪ ನಾನು, ತಾಯಿ.”

“ಅಪ್ಪ ಕೈ ಹಿಡಕೊಂಡ ಬಂದಾನ. ನನ್ನ ಮಗಳು ಯಾರ ಕೈ ಹಿಡೀಬೇಕು?”

ಅಯ್ನೋರ ಎರಡೂ ದನಿಗಳು ಅಲ್ಲಿ ಉಪಯೋಗಕ್ಕೆ ಬರಲಿಲ್ಲ.

“ಮಾಫಿ ಕೇಳಾಕ ಬಂದಿಯೇನು?” ಎಂದಳು ಆನಂದನಿಗೆ. “ನನ್ನ ಕೇಳಬ್ಯಾಡ. ನನ್ನ ಹತ್ರ ಇಲ್ಲ. ಮ್ಯಾಲಿನವನ ಹತ್ರ ಇದ್ರ ಅವನ್ನ ಕೇಳ್ಕೊ. ಹೋಗು.”

“ಹೆಸರು,” ಅಂದ ಆನಂದ. “ಅವರ ಹೆಸರ ಹೇಳ್ರಿ.”

ಆಗ ಅವಳ ಕೈ ನಿಂತಿತು. ನಾವು ಬಂದಾಗಿನಿಂದ ಮೊದಲ ಸಲ ಅವನ ಮುಖ ನೋಡಿದಳು. “ಮೌಲಾಸಾಬ,” ಅಂದಳು. ಮಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಬೆಟಗೇರಿಗೆ ಮರಳಿದ ಮೇಲೆ ಸಭೆಯ ಹಿರಿಯರು ಕೂಡಿ ಯೋಚಿಸಿದರು. ಇಷ್ಟು ವರ್ಷಗಳಲ್ಲಿ ತಪ್ಪು ಮಾಡಿಸಿಕೊಂಡವರು ಕ್ಷಮಿಸದೆ ಇದ್ದದ್ದೇ ಇಲ್ಲ; ತಲೆ ಒಡೆಸಿಕೊಂಡ ನೆರೆಯವಳೂ ಚಹಾ ಕುಡಿಸಿ ಕಳಿಸಿದ್ದಳು. ಇದಕ್ಕೆ ಪದ್ಧತಿಯಲ್ಲಿ ದಾರಿಯಿರಲಿಲ್ಲ. ಸಭೆಯ ಮುಂದೆ ತಪ್ಪೊಪ್ಪಿಕೊಳ್ಳಲು ಆನಂದನನ್ನು ಯಾರೂ ಕರೆಯಲಿಲ್ಲ. ಅವನು ನನಗೆ ಹೇಳಿದ: “ಕ್ರಿಸ್‌ಮಸ್ ಮುಗದ ಮರುದಿನ ಊರ ಬಿಡ್ತೀನಿ. ನಾ ಕುಂತಷ್ಟ ದಿನ ಅಪ್ಪನೂ ಅಲ್ಲೆ ಕುಂಡ್ರತಾನ. ನಾ ಹೋದ್ರ ಅವ ಎದ್ದಾನು.”

“ಎಲ್ಲಿ ಹೊಂಟಿ?”

“ಕೇಳಬ್ಯಾಡ.” ಬದುಕಲೆಂದು ಹೋಗುವವನ ದನಿ ಅದಾಗಿರಲಿಲ್ಲ.

ಕ್ರಿಸ್‌ಮಸ್ಸಿನ ಬೆಳಗ್ಗೆ ಭೋಜನ ಕೊಡಲು ಹುಬ್ಬಳ್ಳಿಯ ಕಡೆಯಿಂದ ಒಬ್ಬ ಮುದಿ ಬೋಧಕರು ಬಂದರು. ದಪ್ಪ ಕನ್ನಡಕ, ಒಂದು ಕಿವಿ ಮಂದ. ನಮ್ಮ ಮನೆಯ ಜಗಳವನ್ನು ಪರಊರಿನವರಿಗೆ ಹೇಳಲು ಲೂಕಪ್ಪನವರಿಗೆ ನಾಚಿಕೆ. “ನಮ್ಮ ಅಯ್ನೋರು ಈಗೀಗ ಹಿಂದ ಕುಂಡ್ರತಾರ್ರಿ,” ಎಂದಷ್ಟೇ ಹೇಳಿ ಕೆಮ್ಮಿಬಿಟ್ಟರು. ಮುದುಕರು “ಅಯ್ಯೋ ಪಾಪ” ಅಂದರು.

ಪ್ರಾರ್ಥನೆ ಮುಗಿಯಿತು. ನಾವು ಎದ್ದು ಹೋಗಲು ಸಾಲು ಸರಿಮಾಡಿಕೊಳ್ಳುತ್ತಿದ್ದಾಗ ಆ ಮುದುಕರು ತಟ್ಟೆ ಎತ್ತಿಕೊಂಡು ಮೇಜು ಬಿಟ್ಟು ಕೆಳಗಿಳಿದರು. ನಮ್ಮೆಲ್ಲರನ್ನೂ ದಾಟಿದರು. ಲೂಕಪ್ಪನವರು ಕೈ ಚಾಚಿದರು; ಅದನ್ನೂ ದಾಟಿದರು. ಕಾಲೆಳೆಯುತ್ತ ಹೋಗಿ ಶಿಸ್ತಿನ ಬೆಂಚಿನ ಮುಂದೆ ನಿಂತು ತಟ್ಟೆ ಹಿಡಿದರು. ಒಬ್ಬ ಬೋಧಕ ಹಿಂದೆ ಕುಳಿತಿದ್ದಾನೆಂದರೆ ಕಾಲಲ್ಲಿ ಶಕ್ತಿಯಿಲ್ಲದ ರೋಗಿಯೇ ಇರಬೇಕೆಂದು, ಪಕ್ಕದಲ್ಲಿರುವವನು ಎಬ್ಬಿಸಿ ಕೂರಿಸುವ ಮಗನೆಂದು ಅವರು ತಿಳಿದಿದ್ದರು.

ಆ ಬೆಂಚಿಗೆ ರೊಟ್ಟಿ ಹೋದದ್ದನ್ನು ನಮ್ಮ ಅಜ್ಜಂದಿರೂ ಕಂಡಿರಲಿಲ್ಲ.

“ಇಲ್ಲರಿ,” ಅಂದರು ಅಯ್ನೋರು. “ನಾವು ಶಿಸ್ತಿನ್ಯಾಗ ಅದೀವಿ.”

“ಏನಂದ್ರಿ? ಜೋರಾಗಿ ಹೇಳ್ರಿ. ಸಂಕೋಚ ಬ್ಯಾಡ. ಎದ್ದ ಬರಾಕ ಆಗದವ್ರಿಗೆ ಮೊದಲ ಕೊಡೂದು ನಮ್ಮಲ್ಲಿ ಪದ್ಧತಿ.”

ಆನಂದ ಎದ್ದು ನಿಂತ. ಕಿವುಡರಿಗೆ ಕೇಳಲೆಂದು ಜೋರಾಗಿ ಹೇಳಿದ. ಹಾಗಾಗಿ ಇಡೀ ಸಭೆಗೆ ಕೇಳಿಸಿತು. “ನಾ ಮೌಲಾಸಾಬ ಅನ್ನೂ ಮನಶ್ಯಾನ್ನ ಕೊಂದೀನಿ. ಅವರ ಕೈಯಾಗ ತಂಬಗಿ ಇತ್ತು. ಒಬ್ಬಾಕಿ ಸಣ್ಣ ಮಗಳದಾಳ. ಅವರ ಹೆಂಡತಿ ಮುಂದ ಹೋಗಿ ನಿಂತೆ. ಅವರು ನನ್ನ ಕ್ಷಮಿಸಿಲ್ಲ.”

ತಟ್ಟೆಯೊಳಗಿನ ರೊಟ್ಟಿಯ ಚೂರುಗಳು ಕದಲಿದವು. ಆದರೆ ತಟ್ಟೆ ಹಿಂದಕ್ಕೆ ಸರಿಯಲಿಲ್ಲ. ದಪ್ಪ ಕನ್ನಡಕ ನಮ್ಮ ಕಡೆ ತಿರುಗಿತು. “ಹಿರಿಯರು ಯಾರಿದ್ದೀರಿ?”

ಲೂಕಪ್ಪನವರು ಎದ್ದರು. ಕೆಮ್ಮು ಬರಲಿಲ್ಲ. “ಇವಗ ಮೊದಲ ಹಾರ ಹಾಕಿದಾವ ನಾನ್ರಿ,” ಅಂದರು. “ಸತ್ತವನ ಹೆಸರ ಕೇಳಲಿಲ್ಲ. ನನ್ನೇನ ಕೇಳ್ತೀರಿ? ಕೊಡ್ರಿ.”

ಆನಂದ ಊರು ಬಿಡಲಿಲ್ಲ. ಮುಂದೆ ಪ್ರತಿ ಸುಗ್ಗಿಗೂ ಆ ಹಳ್ಳಿಗೆ ಹೋಗುತ್ತ ಬಂದಿದ್ದಾನೆ. ಮೌಲಾಸಾಬನ ಮನೆಯ ಮುಚ್ಚಿದ ಬಾಗಿಲು ನೋಡಿ ಬರುತ್ತಾನೆ. ಆದರೆ ಆ ಬೆಳಗ್ಗೆ ಅದೊಂದೂ ನಮಗೆ ಗೊತ್ತಿರಲಿಲ್ಲ. ನಾವು ಕಂಡದ್ದು ಇಷ್ಟೇ. ಅವನು ಒಂದು ಚೂರು ತೆಗೆದು ಬಾಯಿಗೆ ಹಾಕಿಕೊಂಡ. ಅದು ಗಂಟಲಿಳಿಯಲು ಬಹಳ ಹೊತ್ತು ಹಿಡಿಯಿತು. ಅಗಿಯುತ್ತಾನೆ, ನಿಲ್ಲಿಸುತ್ತಾನೆ, ಮತ್ತೆ ಅಗಿಯುತ್ತಾನೆ. ಅಯ್ನೋರು ತಮ್ಮ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಮಗನ ಗಂಟಲನ್ನೇ ನೋಡುತ್ತ ಕಾದರು. ಅವನು ನುಂಗಿದ ಮೇಲೆ ತಾವು ಬಾಯಿಗಿಟ್ಟುಕೊಂಡರು.